ಕಾಲಂ ಹೆಸರು ಪರೀಕ್ಷೆಯಲ್ಲ

ತಮಿಳುನಾಡಿನ ಹೊಸೂರು, ಕೃಷ್ಣಗಿರಿ ಕಡೆ ಹೊಸದಾಗಿ ಸಾಫ್ಟ್‌ವೇರ್ ಹಾಕಿಸಲು ಹೊರಟ ಯಾವ ಪ್ರಯೋಗಾಲಯದಲ್ಲಿ ವಿಚಾರಿಸಿದರೂ ಒಂದೇ ಮಾತು: "ಎಕ್ಸೆಲ್‌ನಲ್ಲಿ ಎಲ್ಲ ಇದೆಯಲ್ಲ, ಅದನ್ನೇ ಒಳಗೆ ಹಾಕಿಬಿಟ್ಟರೆ ಆಯಿತು." ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲೂ ಇದೇ ಮಾತು, ಮಾವಿನ ತಿರುಳಿನ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲೂ ಇದೇ ಮಾತು. ವಾಹನಗಳ ಬಿಡಿಭಾಗ ಮಾಡುವ ಘಟಕಗಳಲ್ಲಿ ಉಕ್ಕಿನ ಗಟ್ಟಿತನ ನೋಡುವವರೂ, ರಕ್ತ-ಮೂತ್ರ ನೋಡುವ ಸಣ್ಣ ಲ್ಯಾಬುಗಳವರೂ ಇದನ್ನೇ ಹೇಳುತ್ತಾರೆ. ಸಾಫ್ಟ್‌ವೇರ್ ಮಾರಲು ಬಂದವರು ಅದಕ್ಕೆ ತಲೆಯಾಡಿಸುತ್ತಾರೆ. ಶೀಟಿನ ಮೇಲಿನ ಸಾಲಿನ ಹೆಸರುಗಳು ಫೀಲ್ಡ್‌ಗಳಾಗುತ್ತವೆ, ಕೆಳಗಿನ ಸಾಲುಗಳು ದಾಖಲೆಗಳಾಗುತ್ತವೆ, ನೀವು ಮಾಡಬೇಕಾದ್ದು ಏನೂ ಇಲ್ಲ ಎಂದು ಭರವಸೆ ಕೊಡುತ್ತಾರೆ. ಖರ್ಚು ಕಡಿಮೆ, ದಿನ ಕಡಿಮೆ ಎಂದು ಆಡಳಿತದವರಿಗೂ ಸಮಾಧಾನ. ಹೀಗೆ ಟೆಸ್ಟ್ ಮಾಸ್ಟರ್, ಅಂದರೆ ಪ್ರತಿ ಪರೀಕ್ಷೆಯ ವಿವರವನ್ನು ಸಾಫ್ಟ್‌ವೇರಿಗೆ ಹೇಳುವ ಪಟ್ಟಿ, ಕಟ್ಟುವುದು ಗುಮಾಸ್ತೆಯ ಕೆಲಸ ಎಂಬ ಅಭಿಪ್ರಾಯ ಎಲ್ಲರ ಒಪ್ಪಿಗೆ ಪಡೆದು ಕೂತಿದೆ.

ಈ ಅಭಿಪ್ರಾಯ ತಪ್ಪು. ಬರಿ ತಪ್ಪಷ್ಟೇ ಅಲ್ಲ, ಈ ಸೀಮೆಯ ಜನರ ನೀರಿಗೂ ಆರೋಗ್ಯಕ್ಕೂ ಇದರಿಂದ ಕೇಡಿದೆ. ಲ್ಯಾಬಿನ ಎಕ್ಸೆಲ್ ಶೀಟಿನಲ್ಲಿ ಇರುವುದು ಫಲಿತಾಂಶ. ಪರೀಕ್ಷೆ ಎಂದರೇನು ಎಂಬ ವಿವರ ಅಲ್ಲಿಲ್ಲ. ಯಾವ ಮಾದರಿಯನ್ನು, ಯಾವ ವಿಧಾನದಲ್ಲಿ, ಯಾವ ಏಕಮಾನದಲ್ಲಿ, ಯಾವ ಪತ್ತೆಮಿತಿಯವರೆಗೆ, ಯಾವ ಮಾನದಂಡಕ್ಕೆ ಹೋಲಿಸಿ ನೋಡಿದರು ಎಂಬುದು ಟೆಕ್ನಿಷಿಯನ್ನನ ತಲೆಯಲ್ಲಿರುತ್ತದೆ, ಬೆಂಚಿನ ಮೇಲಿನ ರಿಜಿಸ್ಟರಿನಲ್ಲಿರುತ್ತದೆ, ಗೋಡೆಗೆ ಅಂಟಿಸಿದ ಕಾಗದದಲ್ಲಿರುತ್ತದೆ. ಶೀಟಿನಲ್ಲಿ ಇಲ್ಲದ್ದನ್ನು ಶೀಟಿನಿಂದ ತೆಗೆಯಲು ಯಾವ ಸಾಫ್ಟ್‌ವೇರಿಗೂ ಆಗುವುದಿಲ್ಲ.

ಫ್ಲೋರೈಡ್‌ನಿಂದ ಶುರು ಮಾಡುತ್ತೇನೆ. ಈ ಸೀಮೆಯಲ್ಲಿ ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ. ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಎರಡೂ ಒಂದೇ ಆಗಿದ್ದ ಕಾಲದಿಂದಲೂ ಇಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ, ಹಿರಿಯರ ಬೆನ್ನು ಮೊಣಕಾಲುಗಳಲ್ಲಿ ಬಿಗಿತವಾಗಿ ಕಾಣಿಸಿಕೊಂಡಿದೆ. ಈ ಎರಡು ಜಿಲ್ಲೆಗಳಿಗೆ ಕಾವೇರಿ ನೀರು ಕೊಡುವ ಹೊಗೇನಕಲ್ ಯೋಜನೆಯ ಹೆಸರಿನಲ್ಲೇ ಕುಡಿಯುವ ನೀರಿನ ಜೊತೆಗೆ ಫ್ಲೋರೋಸಿಸ್ ನಿವಾರಣೆಯೂ ಸೇರಿದೆ. ಜಪಾನಿನ ಜೈಕಾ ಸಂಸ್ಥೆಯ ಸಾಲದಿಂದ, ಸುಮಾರು 1,900 ಕೋಟಿ ರೂಪಾಯಿಯ ಆ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಇಷ್ಟು ದೊಡ್ಡ ಖರ್ಚಿನ ಬುಡದಲ್ಲಿದ್ದದ್ದು ಪ್ರಯೋಗಾಲಯಗಳು ಕೊಟ್ಟ ಅಂಕಿಗಳು. ಯಾವ ಊರಿಗೆ ನೀರು ಮೊದಲು ಹೋಗಬೇಕು, ಯಾವ ಬಾವಿಯನ್ನು ಮುಚ್ಚಬೇಕು ಎಂಬ ತೀರ್ಮಾನಗಳಿಗೂ ಅವೇ ಆಧಾರ.

ಈಗ ಅಂಥ ಲ್ಯಾಬಿನ ಶೀಟು ತೆರೆಯಿರಿ. ಕಾಲಂ ತಲೆಯ ಮೇಲೆ "ಫ್ಲೋರೈಡ್" ಎಂದಿರುತ್ತದೆ. ಅಷ್ಟೇ. ಅದರ ಕೆಳಗಿನ ಅಂಕಿಗಳಲ್ಲಿ ಕೆಲವು ಸ್ಪಾಡ್ನ್ಸ್ ಎಂಬ ಬಣ್ಣದ ವಿಧಾನದಿಂದ ಬಂದಿರಬಹುದು, ಕೆಲವು ಅಯಾನ್ ಎಲೆಕ್ಟ್ರೋಡ್‌ನಿಂದ, ಇನ್ನು ಕೆಲವು ಪಂಚಾಯಿತಿಯವರು ಊರಿನಲ್ಲೇ ಬಳಸುವ ಫೀಲ್ಡ್ ಕಿಟ್‌ನಿಂದ. ಕಿಟ್‌ನಲ್ಲಿ ನೀರಿನ ಬಣ್ಣವನ್ನು ಪಟ್ಟಿಯ ಬಣ್ಣಕ್ಕೆ ಹೋಲಿಸಿ ನೋಡುತ್ತಾರೆ. ಅಲ್ಲಿ 1.5 ಎಂದರೆ "ಈ ಬಣ್ಣಕ್ಕೆ ಹತ್ತಿರ" ಎಂದಷ್ಟೇ ಅರ್ಥ. ಎಲೆಕ್ಟ್ರೋಡ್ ಕೊಡುವ 1.5 ಬೇರೆ ತೂಕದ ಮಾತು. ಶೀಟಿನಲ್ಲಿ ಎರಡೂ ಒಂದೇ ಕಾಲಂನಲ್ಲಿ, ಒಂದೇ ರೂಪದಲ್ಲಿ ಕೂತಿರುತ್ತವೆ.

ಸ್ಪಾಡ್ನ್ಸ್ ವಿಧಾನಕ್ಕೆ ಇನ್ನೊಂದು ತೊಡಕಿದೆ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ, ಮೊದಲು ಬಟ್ಟಿ ಇಳಿಸದೆ ಹೋದರೆ, ಅಂಕಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಫ್ಲೋರೈಡ್ ತೆಗೆಯಲು ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಹಾಕುವುದೇ ಆಲಂ ಮತ್ತು ಸುಣ್ಣ. ಆಲಂ ಎಂದರೆ ಅಲ್ಯೂಮಿನಿಯಂ ಲವಣ. ಹಾಗೆ ಶುದ್ಧೀಕರಿಸಿದ ನೀರನ್ನು ಬಟ್ಟಿ ಇಳಿಸದೆ ಸ್ಪಾಡ್ನ್ಸ್‌ನಲ್ಲಿ ನೋಡಿದರೆ, ಉಳಿದ ಅಲ್ಯೂಮಿನಿಯಂನಿಂದಾಗಿ ಶುದ್ಧೀಕರಣ ಇದ್ದದ್ದಕ್ಕಿಂತ ಚೆನ್ನಾಗಿ ಆದಂತೆ ಕಾಣುತ್ತದೆ. ಎಲೆಕ್ಟ್ರೋಡ್ ವಿಧಾನದಲ್ಲಿ ಸೇರಿಸುವ ಟಿಸಾಬ್ ದ್ರಾವಣ ಅಲ್ಯೂಮಿನಿಯಂ ಅನ್ನು ಬಹುಮಟ್ಟಿಗೆ ಕಟ್ಟಿಹಾಕುತ್ತದೆ. ಆದ್ದರಿಂದ ವಿಧಾನದ ಹೆಸರಿಲ್ಲದ ಫ್ಲೋರೈಡ್ ಅಂಕಿ ಅರ್ಧ ಅಂಕಿ. ಇದು ಲ್ಯಾಬಿನ ಟೆಕ್ನಿಷಿಯನ್ನನಿಗೆ ಗೊತ್ತು. ಅಪ್‌ಲೋಡ್ ಮಾಡಲು ಬಂದ ಹುಡುಗನಿಗೆ ಗೊತ್ತಿಲ್ಲ, ಗೊತ್ತಿರಬೇಕೆಂದು ಅವನಿಂದ ಯಾರೂ ನಿರೀಕ್ಷಿಸಿಯೂ ಇಲ್ಲ. ಅವನಿಗೆ ಕೊಟ್ಟದ್ದು ಶೀಟು ಮತ್ತು ಗಡುವು ಮಾತ್ರ.

ಮಿತಿಯ ವಿಚಾರವೂ ಹೀಗೆಯೇ. ಭಾರತೀಯ ಮಾನದಂಡ ಐಎಸ್ 10500:2012 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ ಮಾತ್ರ 1.5ರವರೆಗೆ ಸಹಿಸಬಹುದು. ಶೀಟಿನಲ್ಲಿ "ಮಿತಿ" ಎಂಬ ಒಂದು ಖಾನೆ ಇರುತ್ತದೆ, ಅದರಲ್ಲಿ ಸಾಮಾನ್ಯವಾಗಿ 1.5 ಎಂದೇ ಬರೆದಿರುತ್ತದೆ. ಆದರೆ ಹೊಗೇನಕಲ್ ನೀರು ಮನೆಬಾಗಿಲಿಗೆ ಬಂದ ಊರಿನಲ್ಲಿ ಬೇರೆ ಮೂಲ ಇಲ್ಲ ಎಂದು ಹೇಳುವಂತಿಲ್ಲ. ಅಲ್ಲಿ ಕೊಳವೆಬಾವಿಯ ನೀರನ್ನು 1.0ಕ್ಕೆ ಹೋಲಿಸಬೇಕು. 1.3 ಇರುವ ಬಾವಿ ಒಂದು ಊರಿನಲ್ಲಿ ಸಹಿಸಬಹುದಾದದ್ದು, ಪಕ್ಕದ ಊರಿನಲ್ಲಿ ಅಲ್ಲ. ಇದನ್ನು ಹಿಡಿದಿಡಲು ಎರಡು ಮಿತಿಗಳಿಗೆ ಜಾಗ ಬೇಕು, ಯಾವುದು ಯಾವಾಗ ಅನ್ವಯ ಎಂಬ ಷರತ್ತಿಗೆ ಜಾಗ ಬೇಕು. ಮಿತಿ ಯಾವ ದಿನಾಂಕದಿಂದ ಜಾರಿ ಎಂಬುದಕ್ಕೂ ಜಾಗ ಬೇಕು, ಯಾಕೆಂದರೆ ಮಾನದಂಡಗಳು ಬದಲಾಗುತ್ತವೆ. ಕಬ್ಬಿಣದ ಮಿತಿ 2015ರ ತಿದ್ದುಪಡಿಯಲ್ಲಿ 0.3ರಿಂದ 1.0ಕ್ಕೆ ಏರಿತು. ಹಳೆಯ ವರದಿಗಳನ್ನು ಹೊಸ ಮಿತಿಯ ಕೆಳಗೆ ತಂದಿಟ್ಟರೆ, ಅಂದು ಕೆಟ್ಟದ್ದೆಂದು ಬರೆದ ನೀರು ಇಂದು ಸಾಫ್ಟ್‌ವೇರಿನಲ್ಲಿ ಅಂದೂ ಒಳ್ಳೆಯದೇ ಆಗಿತ್ತು ಎಂದು ತೋರುತ್ತದೆ.

ನೈಟ್ರೇಟ್‌ನಲ್ಲಿ ಅಪಾಯ ಇನ್ನೂ ನೇರ. ಭಾರತದ ಮಿತಿ ಲೀಟರಿಗೆ 45 ಮಿಲಿಗ್ರಾಂ, ನೈಟ್ರೇಟ್ ಆಗಿ ಲೆಕ್ಕ ಹಾಕಿದಾಗ. ಅದನ್ನೇ ಅದರೊಳಗಿನ ಸಾರಜನಕವಾಗಿ ಲೆಕ್ಕ ಹಾಕಿದರೆ ಸುಮಾರು 10. ಎರಡು ಬಗೆಯ ಲೆಕ್ಕವೂ ಲ್ಯಾಬುಗಳಲ್ಲಿ ಚಾಲ್ತಿಯಲ್ಲಿದೆ, ಯಂತ್ರ ಯಾವುದನ್ನು ಕೊಡುತ್ತದೆ ಎಂಬುದು ಅದರ ಸೆಟ್ಟಿಂಗ್ ಮೇಲೆ ನಿಂತಿದೆ. ಶೀಟಿನಲ್ಲಿ "ನೈಟ್ರೇಟ್ 12" ಎಂದಿದ್ದರೆ? ನೈಟ್ರೇಟ್ ಲೆಕ್ಕವಾದರೆ ಆ ನೀರು ಮಿತಿಗಿಂತ ಬಹಳ ಕೆಳಗಿದೆ. ಸಾರಜನಕದ ಲೆಕ್ಕವಾದರೆ ಅದು 53, ಹಸುಗೂಸಿಗೆ ಕುಡಿಸಬಾರದ ನೀರು. ಗುಲಾಬಿಗೂ ಟೊಮೆಟೊಗೂ ಗೊಬ್ಬರ ಸುರಿಯುವ ಬಾಗಲೂರು, ಶೂಲಗಿರಿ ಬಯಲಿನಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. ಹನ್ನೆರಡು ಎಂಬ ಅಂಕಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಲ್ಯಾಬಿಗೆ ಹೋಗಿ ಕೇಳಬೇಕು.

ಇನ್ನು ಬಿಡಿಎಲ್. ಪತ್ತೆಮಿತಿಗಿಂತ ಕಡಿಮೆ ಎಂಬುದಕ್ಕೆ ಲ್ಯಾಬಿನವರು ಬರೆಯುವ ಅಕ್ಷರಗಳು. ಒಬ್ಬರು ಬಿಡಿಎಲ್ ಎನ್ನುತ್ತಾರೆ, ಇನ್ನೊಬ್ಬರು ಎನ್‌ಡಿ, ಮತ್ತೊಬ್ಬರು ನಿಲ್, ಮಗದೊಬ್ಬರು ಗೆರೆ ಎಳೆಯುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ. ಮಾಡದ ಪರೀಕ್ಷೆಗೂ ಖಾಲಿಯೇ. ಆಮದು ಮಾಡುವ ಸಾಫ್ಟ್‌ವೇರ್ ಮೊದಲ ಕೆಲವು ಸಾಲು ನೋಡಿ ಇದು ಸಂಖ್ಯೆಯ ಕಾಲಂ ಎಂದು ಊಹಿಸುತ್ತದೆ. ಆಮೇಲೆ ಬರುವ ಅಕ್ಷರಗಳನ್ನು ತಳ್ಳಿಹಾಕುತ್ತದೆ, ಇಲ್ಲವೇ ಸೊನ್ನೆ ಮಾಡುತ್ತದೆ. ಸೊನ್ನೆ ಎಂದರೆ ಏನೂ ಇಲ್ಲ ಎಂಬ ಘೋಷಣೆ. 0.1ಕ್ಕಿಂತ ಕಡಿಮೆ ಎಂದರೆ ನಮ್ಮ ಯಂತ್ರಕ್ಕೆ ಅಷ್ಟರ ಕೆಳಗೆ ಕಾಣುವುದಿಲ್ಲ ಎಂಬ ಪ್ರಾಮಾಣಿಕ ಮಾತು. ನೋಡಿಯೇ ಇಲ್ಲ ಎಂಬುದು ಮೂರನೆಯದು. ಮೂರನ್ನೂ ಒಂದು ಮಾಡಿದ ದಾಖಲೆಯಿಂದ ತೆಗೆದ ಸರಾಸರಿಗೆ ಬೆಲೆಯಿಲ್ಲ. ಆದರೂ ಅದು ಬಣ್ಣಬಣ್ಣದ ನಕ್ಷೆಯಾಗಿ ಜಿಲ್ಲಾಡಳಿತದ ಮೇಜಿನ ಮೇಲೆ ಹೋಗಿ ಕೂರುತ್ತದೆ.

ಕನ್ನಡ ಓದುಗರು ಇದನ್ನು ತಮಗೆ ಸಂಬಂಧವಿಲ್ಲದ ಗಡಿಯಾಚೆಯ ವಿಷಯ ಎಂದುಕೊಳ್ಳಬಾರದು. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವ ಭಾಗದ ಕೊಳಚೆಯನ್ನು ಹೊತ್ತು, ಕೊಡಿಯಾಳಂ ಬಳಿ ಗಡಿ ದಾಟಿ ಹೊಸೂರಿನ ಕೆಲವರಪಲ್ಲಿ ಜಲಾಶಯ ಸೇರುತ್ತದೆ. ಮಳೆ ಬಂದು ನೀರು ಬಿಟ್ಟಾಗಲೆಲ್ಲ ಅಲ್ಲಿ ಆಳೆತ್ತರದ ನೊರೆ ಏಳುವುದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಆ ನೀರಿನಿಂದ ಬೆಳೆ ತೆಗೆಯುವವರಲ್ಲಿ ಕನ್ನಡದವರೂ ಇದ್ದಾರೆ, ತೆಲುಗರೂ ತಮಿಳರೂ ಇದ್ದಾರೆ. ಈ ನದಿಯ ಬಗ್ಗೆ ಎರಡು ರಾಜ್ಯಗಳೂ ಅಂಕಿ ಹಿಡಿದೇ ಮಾತಾಡುತ್ತವೆ. ಅದರಲ್ಲಿ ಹೆಚ್ಚು ಬಳಕೆಯಾಗುವುದು ಬಿಒಡಿ, ನೀರಿನೊಳಗಿನ ಕೊಳೆಯನ್ನು ಜೀವಾಣುಗಳು ಕರಗಿಸಲು ಬೇಕಾದ ಆಮ್ಲಜನಕದ ಅಳತೆ. ಪ್ರಪಂಚದ ಬಹಳ ಕಡೆ ಇದನ್ನು 20 ಡಿಗ್ರಿಯಲ್ಲಿ ಐದು ದಿನ ಇಟ್ಟು ಅಳೆಯುತ್ತಾರೆ. ನಮ್ಮ ಹವೆಗೆ ಹೊಂದುವಂತೆ ಭಾರತದ ಮಾನದಂಡ 27 ಡಿಗ್ರಿ, ಮೂರು ದಿನ ಎಂದು ಮಾಡಿಕೊಂಡಿದೆ. ಎರಡೂ ಹತ್ತಿರ ಹತ್ತಿರ ಬರುತ್ತವೆ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಕೊಳೆಯ ಬಗೆ ಬದಲಾದಂತೆ ಆ ಹತ್ತಿರವೂ ಬದಲಾಗುತ್ತದೆ. ಶೀಟಿನಲ್ಲಿ "ಬಿಒಡಿ" ಎಂದಷ್ಟೇ ಬರೆದು, ದಿನವನ್ನೂ ಉಷ್ಣತೆಯನ್ನೂ ಬಿಟ್ಟು, ಹಳೆಯ ವರದಿಗಳನ್ನು ಹೊಸದರ ಜೊತೆ ಒಂದೇ ಗೆರೆಯಲ್ಲಿ ಎಳೆದರೆ, ನದಿ ಸುಧಾರಿಸಿತೋ ಹದಗೆಟ್ಟಿತೋ ಎಂದು ಹೇಳುವ ಅಧಿಕಾರ ನಮಗೆ ಉಳಿಯುವುದಿಲ್ಲ.

ಮಲದ ಕೋಲಿಫಾರಂ ಅಂಕಿಯಲ್ಲಿ ಒಂದು ಚಿಕ್ಕ ಚಿಹ್ನೆ ಎಷ್ಟು ಭಾರ ಹೊತ್ತಿದೆ ನೋಡಿ. ಕೊಳವೆಗಳಲ್ಲಿ ಬೆಳೆಸಿ ಎಣಿಸುವ ಎಂಪಿಎನ್ ವಿಧಾನದಲ್ಲಿ, ನೀರನ್ನು ಸಾಕಷ್ಟು ತೆಳುಮಾಡದೆ ಹಾಕಿದಾಗ ಎಲ್ಲ ಕೊಳವೆಗಳೂ ಬೆಳವಣಿಗೆ ತೋರಿದರೆ ಕೋಷ್ಟಕ ಕೊಡುವ ಉತ್ತರ "1600ಕ್ಕಿಂತ ಹೆಚ್ಚು". ನಿಜವಾದ ಸಂಖ್ಯೆ ಎರಡು ಸಾವಿರವೋ ಎರಡು ಲಕ್ಷವೋ ಗೊತ್ತಿಲ್ಲ ಎಂದು ಅದರ ಅರ್ಥ. ಆಮದಿನಲ್ಲಿ "ಹೆಚ್ಚು" ಎಂಬ ಚಿಹ್ನೆ ಉದುರಿಹೋಗಿ 1600 ಮಾತ್ರ ಉಳಿಯುತ್ತದೆ. ಸ್ನಾನಕ್ಕೆ ತಕ್ಕ ನೀರಿನಲ್ಲಿ 100 ಮಿಲಿಲೀಟರಿಗೆ ಗರಿಷ್ಠ 2500 ಎಂಪಿಎನ್‌ವರೆಗೆ ಸಹಿಸಬಹುದು ಎಂದು ನಿಯಮವಿದೆ. 1600 ಅದರೊಳಗೆ ಬರುತ್ತದೆ! ಅಳತೆಗೇ ಸಿಗದಷ್ಟು ಕೊಳಕಾದ ನೀರು ಒಂದು ಚಿಹ್ನೆ ಉದುರಿದ ಮಾತ್ರಕ್ಕೆ ಪಾಸಾಗಿಬಿಡುತ್ತದೆ. ಇದನ್ನು ಸಣ್ಣ ತಾಂತ್ರಿಕ ತಪ್ಪು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ರಕ್ತ-ಮೂತ್ರದ ಲ್ಯಾಬುಗಳಲ್ಲಿ ಎಕ್ಸೆಲ್ ಇನ್ನೂ ಮುಂದೆ ಹೋಗಿ ಬರೆದದ್ದನ್ನೇ ತಿದ್ದುತ್ತದೆ. ಮೂತ್ರದಲ್ಲಿ ಕೀವುಕಣಗಳು "2-4" ಎಂದು ಟೈಪ್ ಮಾಡಿದರೆ ಅದು ಏಪ್ರಿಲ್ ಎರಡು ಎಂಬ ದಿನಾಂಕವಾಗುತ್ತದೆ. ಟೈಫಾಯ್ಡ್ ನೋಡುವ ವಿಡಾಲ್ ಪರೀಕ್ಷೆಯ "1:40" ಗಡಿಯಾರದ ಒಂದು ಗಂಟೆ ನಲವತ್ತು ನಿಮಿಷವಾಗುತ್ತದೆ. ಜೀವವಿಜ್ಞಾನಿಗಳಿಗೆ ಈ ಕಾಟ ಎಷ್ಟಿತ್ತೆಂದರೆ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಕ್ಸೆಲ್ ಪಟ್ಟಿ ಲಗತ್ತಿಸಿದ ಜೀನ್ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಜೀನ್ ಹೆಸರುಗಳು ಹೀಗೆ ಕೆಟ್ಟಿದ್ದನ್ನು ಕಂಡಿತು. ಮಾರ್ಚ್, ಸೆಪ್ಟೆಂಬರ್ ತಿಂಗಳುಗಳಂತೆ ಕಾಣುತ್ತಿದ್ದ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು, 2020ರಲ್ಲಿ ಅದು ಎಲ್ಲರಿಗೂ ತಿಳಿಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕೋವಿಡ್ ಪಾಸಿಟಿವ್ ಬಂದ 15,841 ಮಂದಿಯ ವಿವರ ದಿನದ ಲೆಕ್ಕದಿಂದ ಬಿಟ್ಟುಹೋಯಿತು. ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ, ಮಿಕ್ಕದ್ದು ಸದ್ದಿಲ್ಲದೆ ಕತ್ತರಿಸಿಹೋಗಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಹಣವಾಗಲಿ ತಜ್ಞರಾಗಲಿ ಕಡಿಮೆಯಿದ್ದ ದೇಶವಲ್ಲ ಅದು.

ನಮ್ಮ ಕಡೆಯದೇ ಆದ ತೊಂದರೆಯೊಂದಿದೆ, ಪ್ಲೇಟ್‌ಲೆಟ್. ನಾವು ಅದನ್ನು ಲಕ್ಷದಲ್ಲಿ ಹೇಳುತ್ತೇವೆ. ಒಬ್ಬ ಟೆಕ್ನಿಷಿಯನ್ 1.2 ಎಂದು ಬರೆಯುತ್ತಾನೆ, ಯಂತ್ರ 120 ಎಂದು ಕೊಡುತ್ತದೆ, ಇನ್ನೊಂದು ಲ್ಯಾಬಿನ ವರದಿ 1,20,000 ಎನ್ನುತ್ತದೆ. ಮೂರೂ ಒಂದೇ. ಡೆಂಗಿ ಕಾಲದಲ್ಲಿ ವೈದ್ಯರಿಗೆ ಒಂದು ಅಂಕಿಗಿಂತ ಅದು ಇಳಿಯುವ ಗತಿ ಮುಖ್ಯ. ಡೆಂಕಣಿಕೋಟೆಯಲ್ಲಿ ಮೊದಲ ಪರೀಕ್ಷೆ ಮಾಡಿಸಿ, ಹೊಸೂರಿನಲ್ಲಿ ಎರಡನೆಯದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರನೆಯದು ಮಾಡಿಸುವುದು ಈ ಕಡೆಯ ಕುಟುಂಬಗಳಿಗೆ ಮಾಮೂಲು. ಏಕಮಾನವಿಲ್ಲದೆ ಒಂದೇ ಫೀಲ್ಡಿಗೆ ಈ ಮೂರನ್ನೂ ತುಂಬಿದರೆ ಗತಿ ಎಂಬುದೇ ಇಲ್ಲ.

ಹಿಮೋಗ್ಲೋಬಿನ್‌ನ ಮಿತಿಯನ್ನು "12-16" ಎಂದು ಒಂದೇ ಖಾನೆಯಲ್ಲಿ ಅಕ್ಷರವಾಗಿ ಬರೆದಿಟ್ಟಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆಯನ್ನು ಗುರುತಿಸಲು ಗಂಡಸರಿಗೆ 13, ಗರ್ಭಿಣಿಯಲ್ಲದ ಹೆಂಗಸರಿಗೆ 12, ಗರ್ಭಿಣಿಯರಿಗೆ ಬಹುಕಾಲ 11 ಎಂದು ಇಟ್ಟಿತ್ತು. ಈಚೆಗೆ ಗರ್ಭದ ತಿಂಗಳಿಗೆ ತಕ್ಕಂತೆ ಬೇರೆ ಮಾಡಿದೆ. ವಯಸ್ಸು, ಲಿಂಗ, ಗರ್ಭ ಎಂಬ ಷರತ್ತುಗಳೊಂದಿಗೆ ಬೇರೆ ಬೇರೆ ಸಾಲುಗಳಾಗಬೇಕಾದ ಈ ವಿವರವನ್ನು ಒಂದು ಖಾನೆಗೆ ತುರುಕಿ ಆಮದು ಮಾಡಿದರೆ ಸಾಫ್ಟ್‌ವೇರಿಗೆ ಅದು ಬರೀ ಅಕ್ಷರಗಳ ಸಾಲು. ಯಾರ ರಕ್ತವೂ ಅದಕ್ಕೆ ಕಡಿಮೆಯಾಗಿ ಕಾಣುವುದಿಲ್ಲ. ಅಂಚೆಟ್ಟಿ ಬೆಟ್ಟದ ಹಾಡಿಯಿಂದ ಬಂದ ಗರ್ಭಿಣಿಯ ವರದಿಯ ಮೇಲೆ ಕೆಂಪು ಗುರುತು ಬೀಳಬೇಕಾದಲ್ಲಿ ಬೀಳುವುದಿಲ್ಲ.

ಕಾರ್ಖಾನೆಗಳಲ್ಲೂ ಈ ತೊಂದರೆ ಕಡಿಮೆಯೇನಲ್ಲ. ಗಟ್ಟಿತನ 60 ಎಂದರೆ ರಾಕ್‌ವೆಲ್ ಸಿ ಮಾಪಕದಲ್ಲಿ ಅತಿ ಗಟ್ಟಿ ಉಕ್ಕು, ವಿಕರ್ಸ್ ಮಾಪಕದಲ್ಲಿ ತೀರಾ ಮೆದುವಾದ ಲೋಹ. ತೋತಾಪುರಿ ತಿರುಳಿನ ಹುಳಿ ಎಂದರೆ ಸಿಟ್ರಿಕ್ ಆಮ್ಲವಾಗಿ ಲೆಕ್ಕ ಹಾಕಿದ್ದು, ಸಿಹಿಯನ್ನು ಹೇಳುವ ಬ್ರಿಕ್ಸ್ ಎಂದರೆ 20 ಡಿಗ್ರಿಗೆ ಸರಿಹೊಂದಿಸಿದ್ದು ಎಂದು ಕೊಳ್ಳುವವರ ಒಪ್ಪಂದ ಹೇಳುತ್ತದೆ. ಶೀಟು ಹೇಳುವುದಿಲ್ಲ. ಅಲ್ಲಿ ತಪ್ಪಿದರೆ ಸರಕು ವಾಪಸು ಬರುತ್ತದೆ, ಹಣ ಹೋಗುತ್ತದೆ, ಆದ್ದರಿಂದ ಕಾರ್ಖಾನೆಯವರು ಹೇಗೋ ಎಚ್ಚರ ವಹಿಸುತ್ತಾರೆ. ಬಾವಿಯ ನೀರಿಗೂ ಗರ್ಭಿಣಿಯ ರಕ್ತಕ್ಕೂ ವಾಪಸು ಕಳಿಸುವ ಗಿರಾಕಿ ಇಲ್ಲ. ನನ್ನ ಸಿಟ್ಟಿಗೆ ಇದೇ ಮುಖ್ಯ ಕಾರಣ.

ಪರೀಕ್ಷೆಯ ವಿವರ ಎಂದರೆ ಏನು ಎಂಬುದು ಹೊಸದಾಗಿ ಕಂಡುಹಿಡಿಯಬೇಕಾದ ರಹಸ್ಯವಲ್ಲ. ಅಮೆರಿಕದ ರೆಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ 1994ರಲ್ಲಿ ಶುರುವಾದ ಲೋಯಿಂಕ್ ಎಂಬ ಸಂಕೇತಪಟ್ಟಿ ಪ್ರತಿ ಪರೀಕ್ಷೆಗೂ ಆರು ಪ್ರಶ್ನೆ ಕೇಳುತ್ತದೆ: ಏನನ್ನು ಅಳೆದಿರಿ, ಅದರ ಯಾವ ಗುಣವನ್ನು, ಒಂದು ಗಳಿಗೆಯದೋ ಇಡೀ ದಿನದ್ದೋ, ಯಾವ ಮಾದರಿಯಲ್ಲಿ, ಉತ್ತರ ಸಂಖ್ಯೆಯೋ ಹೌದು-ಅಲ್ಲವೋ, ಯಾವ ವಿಧಾನದಲ್ಲಿ. ಭಾರತ ಸರಕಾರ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನದಂಡದಲ್ಲೂ ಲ್ಯಾಬ್ ಪರೀಕ್ಷೆಗಳಿಗೆ ಲೋಯಿಂಕ್ ಹೆಸರಿದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಬಂದ ಮೇಲೆ ಒಂದು ಲ್ಯಾಬಿನ ವರದಿ ಇನ್ನೊಂದು ಆಸ್ಪತ್ರೆಯ ಪರದೆಯ ಮೇಲೆ ತೆರೆದುಕೊಳ್ಳುವ ದಾರಿ ಆಗುತ್ತಿದೆ. ಹೊಸೂರಿನಲ್ಲಿ ಕೆಟ್ಟ ವಿವರ ಈಗ ಹೊಸೂರಿನಲ್ಲೇ ಉಳಿಯುವುದಿಲ್ಲ.

ಆಮದಿಗೆ ಅನುಕೂಲ ಮಾಡಿಕೊಡುವ ಒಳ್ಳೆಯ ಸಾಫ್ಟ್‌ವೇರ್‌ಗಳೂ ಈ ಅಂದಾಜಿನ ಆಟಕ್ಕೆ ಒಪ್ಪುವುದಿಲ್ಲ. ಛತ್ತೀಸ್‌ಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಗಾಗಿ ಥಾಟ್‌ವರ್ಕ್ಸ್‌ನವರು ಬೆಳೆಸಿದ ಬಾಹ್ಮ್ನಿ ಎಂಬ ಮುಕ್ತ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೀಟಿನಿಂದ ಅಪ್‌ಲೋಡ್ ಮಾಡುವ ಸೌಲಭ್ಯ ಇದೆ. ಆದರೆ ಅದರ ತಳಹದಿಯಾದ ಓಪನ್‌ಎಂಆರ್‌ಎಸ್‌ನಲ್ಲಿ ಪ್ರತಿ ಪರೀಕ್ಷೆಯೂ ಮೊದಲು ಒಂದು ಪರಿಕಲ್ಪನೆಯಾಗಿ ನಿಘಂಟಿಗೆ ಸೇರಬೇಕು. ಸಂಖ್ಯೆಯಾದರೆ ಅದಕ್ಕೆ ಏಕಮಾನ, ಸಾಮಾನ್ಯ ಮಿತಿ, ಅಪಾಯದ ಮಿತಿ, ಅಸಾಧ್ಯವೆನ್ನುವ ಮಿತಿ, ದಶಾಂಶ ಬೇಕೋ ಬೇಡವೋ ಎಂಬುದಕ್ಕೆಲ್ಲ ಬೇರೆ ಬೇರೆ ಜಾಗ. ಒಂದು ಸಲ ರೋಗಿಯ ಫಲಿತಾಂಶ ಆ ಪರಿಕಲ್ಪನೆಯ ಕೆಳಗೆ ಬಿದ್ದ ಮೇಲೆ ಅದು ಸಂಖ್ಯೆಯೋ ಅಕ್ಷರವೋ ಎಂಬುದನ್ನು ಸುಲಭವಾಗಿ ಬದಲಾಯಿಸಲು ಬಿಡುವುದಿಲ್ಲ. ಮೊದಲ ದಿನ ಅವಸರದಲ್ಲಿ ಕಟ್ಟಿದ್ದನ್ನು ಮುಂದೆ ಬರುವವರೆಲ್ಲ ಹೊರಬೇಕು. ತಳಪಾಯ ತೋಡುವ ದಿನವೇ ಕೆಲಸ ಗಟ್ಟಿಯಾಗಬೇಕು ಎಂದು ಮನೆ ಕಟ್ಟುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಎಲ್ಲವೂ ಒಂದೇ ತೂಕದವಲ್ಲ.

ಸಣ್ಣ ಲ್ಯಾಬಿಗೆ ಇಷ್ಟೆಲ್ಲ ಆಗುವುದಿಲ್ಲ, ಇಬ್ಬರು ಟೆಕ್ನಿಷಿಯನ್, ಒಂದು ಕಂಪ್ಯೂಟರ್, ಬೆಳಗ್ಗೆಯಿಂದ ಸಾಲು ನಿಂತ ಜನ ಎಂಬುದು ಒಂದು ಆಕ್ಷೇಪ. ಇದನ್ನು ನಾನು ಗೌರವದಿಂದ ಕೇಳುತ್ತೇನೆ. ಆದರೆ ಸಣ್ಣ ಲ್ಯಾಬಿನಲ್ಲಿ ಪರೀಕ್ಷೆಗಳ ಪಟ್ಟಿಯೂ ಸಣ್ಣದೇ. ನೀರಿನ ಲ್ಯಾಬಿನಲ್ಲಿ ದಿನವೂ ನಡೆಯುವ ಪರೀಕ್ಷೆಗಳನ್ನು ಕುಳಿತು ಬರೆದರೆ ಕೆಲವು ಪುಟ. ಟೆಕ್ನಿಷಿಯನ್ನನಿಗೆ ಆ ಕೆಲಸಕ್ಕೆ ಬಿಡುವು ಕೊಟ್ಟು, ಆ ದಿನಗಳ ಕೂಲಿ ಲೆಕ್ಕಕ್ಕೆ ಹಿಡಿದು, ಸಾಫ್ಟ್‌ವೇರಿನ ಬೆಲೆಯಲ್ಲಿ ಸೇರಿಸಬೇಕು. ಹಾಗೆ ಸೇರಿಸದಿರುವುದು ಮಾರುವವರ ಜಾಣತನ, ಕೊಳ್ಳುವವರ ಅಸಡ್ಡೆ. ಅದನ್ನು ಬಡತನದ ತಲೆಗೆ ಕಟ್ಟಬಾರದು.

ಎಕ್ಸೆಲ್ ಎಲ್ಲರಿಗೂ ಬರುವ ಸಾಧನ, ಅದನ್ನು ಕಿತ್ತುಕೊಂಡರೆ ಲ್ಯಾಬಿನವರು ಪರದಾಡುತ್ತಾರೆ ಎಂಬುದು ಇನ್ನೊಂದು ವಾದ. ನಾನು ಎಕ್ಸೆಲ್ ಬೇಡ ಎನ್ನುತ್ತಿಲ್ಲ. ಟೆಸ್ಟ್ ಮಾಸ್ಟರ್ ಬರೆಯಲು ಎಕ್ಸೆಲ್‌ಗಿಂತ ಸಲೀಸಾದದ್ದು ಇಲ್ಲ. ಆದರೆ ಅದಕ್ಕೆ ಬೇಕಾದ ಶೀಟೇ ಬೇರೆ. ಲ್ಯಾಬಿನಲ್ಲಿ ಇರುವ ಶೀಟಿನಲ್ಲಿ ಪ್ರತಿ ಸಾಲು ಒಂದು ಮಾದರಿ, ಪ್ರತಿ ಕಾಲಂ ಒಂದು ಪರೀಕ್ಷೆ. ಮಾಸ್ಟರ್ ಶೀಟಿನಲ್ಲಿ ಪ್ರತಿ ಪರೀಕ್ಷೆಯೂ ಒಂದು ಸಾಲಾಗಬೇಕು. ಕಾಲಂಗಳು ಅದರ ಪ್ರಶ್ನೆಗಳಾಗಬೇಕು. ಫ್ಲೋರೈಡ್ ಸ್ಪಾಡ್ನ್ಸ್ ಒಂದು ಸಾಲು, ಫ್ಲೋರೈಡ್ ಎಲೆಕ್ಟ್ರೋಡ್ ಇನ್ನೊಂದು ಸಾಲು, ಫ್ಲೋರೈಡ್ ಫೀಲ್ಡ್ ಕಿಟ್ ಮೂರನೆಯದು. ಆ ಮೂರರ ಪತ್ತೆಮಿತಿ ಬೇರೆ, ಉತ್ತರದ ಬಗೆ ಬೇರೆ. ಮಿತಿಗಳಿಗೆ ಇನ್ನೊಂದು ಶೀಟು, ಯಾವ ಮಾನದಂಡ, ಯಾವ ದಿನದಿಂದ, ಯಾವ ಷರತ್ತಿಗೆ ಎಂದು. ಮಾದರಿ ತೆಗೆದ ಜಾಗಗಳಿಗೆ ಮತ್ತೊಂದು. ಒಂದೇ ಊರು ಕನ್ನಡದಲ್ಲಿ ಒಂದು ಕಾಗುಣಿತ, ತಮಿಳಿನಲ್ಲಿ ಇನ್ನೊಂದು, ತೆಲುಗರ ಬಾಯಲ್ಲಿ ಮತ್ತೊಂದು ಆಗುವ ಸೀಮೆ ಇದು. ಕೇಂದ್ರ ಸರಕಾರದ ಸ್ಥಳೀಯಾಡಳಿತ ಕೋಶದ ಗ್ರಾಮ ಸಂಕೇತ ಇಲ್ಲದೆ ಬರೀ ಹೆಸರನ್ನು ನಂಬಿದರೆ ಒಂದು ಊರು ಮೂರು ಊರಾಗುತ್ತದೆ. ಹೀಗೆ ಶೀಟುಗಳು ಎರಡು ಬಗೆ. ಒಂದು ವಿವರ ಬರೆಯುವುದು, ಒಂದು ಫಲಿತಾಂಶ ಬರೆಯುವುದು. ಈ ಎರಡರ ವ್ಯತ್ಯಾಸ ತಿಳಿಯದೆ "ಶೀಟು ಕೊಡಿ" ಎನ್ನುವವರಿಗೆ ಯಾವ ಶೀಟು ಕೇಳುತ್ತಿದ್ದೇವೆ ಎಂಬುದೇ ತಿಳಿದಿಲ್ಲ.

ಈಚೆಗೆ ಇನ್ನೊಂದು ಮಾತು ಕೇಳಿಬರುತ್ತಿದೆ. ಕೃತಕ ಬುದ್ಧಿಮತ್ತೆ ಕಾಲಂ ಹೆಸರು ನೋಡಿ ತಾನೇ ಸರಿಯಾದ ಸಂಕೇತಕ್ಕೆ ಜೋಡಿಸುತ್ತದೆಯಂತೆ. ಜೋಡಿಸುತ್ತದೆ, ನಿಜ. ನೈಟ್ರೇಟ್ 12 ಎಂಬುದನ್ನು ನೋಡಿ, ಭಾರತದಲ್ಲಿ ನೈಟ್ರೇಟ್ ಲೆಕ್ಕವೇ ಹೆಚ್ಚು ಎಂದು ಊಹಿಸಿ ಹಾಗೆ ಗುರುತು ಹಾಕಬಹುದು. ಬಹಳ ಸಲ ಅದು ಸರಿಯೂ ಇರಬಹುದು. ಆದರೆ ಆ ಯಂತ್ರದ ಸೆಟ್ಟಿಂಗ್ ಸಾರಜನಕಕ್ಕೆ ಇತ್ತು ಎಂಬುದು ಶೀಟಿನ ಯಾವ ಮೂಲೆಯಲ್ಲೂ ಇಲ್ಲ. ಊಹೆಯನ್ನು ತಿಳಿವಳಿಕೆಯ ಬಟ್ಟೆ ತೊಡಿಸಿ ದಾಖಲೆಗೆ ಸೇರಿಸಿದ ಮೇಲೆ, ಇದು ಊಹೆ ಎಂದು ಹೇಳಲು ಯಾರೂ ಉಳಿಯುವುದಿಲ್ಲ. ಪ್ರಶ್ನೆ ಕೇಳಲು, ಅನುಮಾನದ ಸಾಲುಗಳನ್ನು ಹೆಕ್ಕಿ ಟೆಕ್ನಿಷಿಯನ್ ಮುಂದಿಡಲು ಆ ಸಾಧನವನ್ನು ಬಳಸಲಿ. ಉತ್ತರ ಬರೆಯುವ ಅಧಿಕಾರ ಅದಕ್ಕೆ ಬೇಡ.

ಮಾನ್ಯತೆ ಪಡೆದ ಲ್ಯಾಬುಗಳವರ ವಾದ ಇನ್ನೊಂದು ಬಗೆ. ಹೆಸರಾಂತ ಕಂಪನಿಯ ಸಾಫ್ಟ್‌ವೇರ್ ತಂದಿದ್ದೇವೆ, ಪರೀಕ್ಷಿಸಿದ್ದೇ ಆಗಿದೆ, ಮಾನ್ಯತೆ ಕೊಡುವ ಎನ್‌ಎಬಿಎಲ್‌ಗೆ ಅಷ್ಟು ಸಾಕು ಎನ್ನುತ್ತಾರೆ. ಐಎಸ್‌ಒ/ಐಇಸಿ 17025 ಎಂಬ ಪ್ರಯೋಗಾಲಯ ಮಾನದಂಡದ 2017ರ ಆವೃತ್ತಿಯಲ್ಲಿ, ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ತಂತ್ರಾಂಶವನ್ನು ಅದರ ಉದ್ದೇಶಿತ ಬಳಕೆಯ ಮಟ್ಟಿಗೆ ದೃಢೀಕರಿಸಿದ್ದೆಂದು ಪರಿಗಣಿಸಬಹುದು ಎಂಬ ಟಿಪ್ಪಣಿ ಇರುವುದು ನಿಜ. ಆದರೆ ಅದೇ ಷರತ್ತಿನಲ್ಲಿ, ಲ್ಯಾಬು ಮಾಡಿಕೊಳ್ಳುವ ಸಂರಚನೆಯ ಬದಲಾವಣೆಗಳಿಗೆ ಅಧಿಕೃತ ಒಪ್ಪಿಗೆ ಇರಬೇಕು, ಅವು ದಾಖಲಾಗಬೇಕು, ಬಳಕೆಗೆ ಬರುವ ಮೊದಲು ದೃಢೀಕರಿಸಬೇಕು ಎಂದೂ ಇದೆ. ಲೆಕ್ಕಗಳನ್ನೂ ದತ್ತಾಂಶದ ವರ್ಗಾವಣೆಯನ್ನೂ ಕ್ರಮಬದ್ಧವಾಗಿ ಪರಿಶೀಲಿಸಬೇಕು ಎಂದೂ ಇದೆ. ಟೆಸ್ಟ್ ಮಾಸ್ಟರ್ ಸಂರಚನೆಯಲ್ಲದೆ ಬೇರೇನು? ಎಕ್ಸೆಲ್‌ನಿಂದ ಆಮದು ವರ್ಗಾವಣೆಯಲ್ಲದೆ ಬೇರೇನು? ಟಿಪ್ಪಣಿಯನ್ನು ಓದಿ ಷರತ್ತನ್ನು ಬಿಟ್ಟವರು ಮಾನದಂಡದ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಿದ್ದಾರೆ.

ಹಾಗಾದರೆ ಹಳೆಯ ಶೀಟುಗಳನ್ನು ಏನು ಮಾಡಬೇಕು? ವರ್ಷಗಟ್ಟಲೆ ಕೂಡಿಟ್ಟ ಫಲಿತಾಂಶಗಳನ್ನು ಬಿಸಾಡಬೇಕೆ? ಬೇಡ. ಒಳಗೆ ತರಬೇಕು, ಆದರೆ ಗೊತ್ತಿದ್ದಷ್ಟನ್ನೇ ಹೇಳಿ ತರಬೇಕು. ಮೂಲ ಖಾನೆಯಲ್ಲಿ ಇದ್ದ ಅಕ್ಷರವನ್ನು ಇದ್ದ ಹಾಗೇ ಒಂದು ಫೀಲ್ಡಿನಲ್ಲಿ ಉಳಿಸಬೇಕು, ಅದರಿಂದ ತೆಗೆದ ಸಂಖ್ಯೆಯನ್ನು ಇನ್ನೊಂದರಲ್ಲಿ ಇಡಬೇಕು, ಕಡಿಮೆ-ಹೆಚ್ಚು ಎಂಬ ಚಿಹ್ನೆಗೆ ತನ್ನದೇ ಫೀಲ್ಡ್ ಕೊಡಬೇಕು. ವಿಧಾನ ಗೊತ್ತಿಲ್ಲದಿದ್ದರೆ "ವಿಧಾನ ತಿಳಿಯದು" ಎಂಬ ಬೇರೆಯೇ ಪರೀಕ್ಷೆಯ ಸಾಲಿಗೆ ಅದು ಸೇರಬೇಕು, ಇಂದು ನಾವು ಬಳಸುವ ವಿಧಾನದ ಸಾಲಿಗೆ ಅಲ್ಲ. ಆ ಲ್ಯಾಬಿನಲ್ಲಿ ಹತ್ತು ವರ್ಷ ಹಿಂದೆ ಕೆಲಸ ಮಾಡಿದವರು ಹೆಚ್ಚಾಗಿ ಇದೇ ತಾಲೂಕಿನಲ್ಲಿ ಇರುತ್ತಾರೆ, ನಿವೃತ್ತರಾಗಿರುತ್ತಾರೆ, ಬೇರೆ ಲ್ಯಾಬಿನಲ್ಲಿರುತ್ತಾರೆ. ಅವರನ್ನು ಹುಡುಕಿ, ಹಳೆಯ ಬೆಂಚ್ ರಿಜಿಸ್ಟರ್‌ಗಳನ್ನು ಅವರ ಮುಂದಿಟ್ಟು ಕೇಳಬೇಕು. ಅವರ ಉತ್ತರವನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದರ ಸಮೇತ ಬರೆದಿಡಬೇಕು. ಹಾಗೆ ಬರೆದ ಮಾಸ್ಟರ್‌ನ ಪ್ರತಿ ಪುಟಕ್ಕೂ ಲ್ಯಾಬಿನ ಮುಖ್ಯಸ್ಥರ ಸಹಿ ಬೀಳಬೇಕು. ಮಾರಾಟಗಾರರ ಗಡುವು ಆ ಸಹಿಗಾಗಿ ಕಾಯಬೇಕು. ಕೆಲವರಪಲ್ಲಿಯ ನೀರನ್ನು ಅಳೆಯುವ ಎರಡೂ ರಾಜ್ಯಗಳ ಲ್ಯಾಬುಗಳು ಫಲಿತಾಂಶ ಹಂಚಿಕೊಳ್ಳುವ ಮೊದಲು ತಮ್ಮ ತಮ್ಮ ಮಾಸ್ಟರ್ ಪಟ್ಟಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಬಿಒಡಿ ಎಂದರೆ ನಮ್ಮಲ್ಲಿ ಎಷ್ಟು ದಿನ, ಎಷ್ಟು ಡಿಗ್ರಿ, ಕೋಲಿಫಾರಂ ಎಷ್ಟರವರೆಗೆ ತೆಳುಮಾಡಿ ಎಣಿಸುತ್ತೇವೆ ಎಂದು ರೈತರಿಗೂ ನ್ಯಾಯಾಲಯಕ್ಕೂ ಓದಲು ಸಿಗಬೇಕು.